ಕತ್ತರಿಸಿಟ್ಟ ಬಿರುಗಾಳಿಗಳು

ಹೈದರಾಬಾದಿನಲ್ಲಿ ನಾನು ಇನ್ನಿಬ್ಬರು ಹುಡುಗಿಯರ ಜೊತೆ ಹಂಚಿಕೊಂಡಿರುವ ಫ್ಲ್ಯಾಟಿನಲ್ಲಿ, ಭಾನುವಾರ ಬೆಳಗ್ಗೆ ಒಬ್ಬಳು ಉಗುರುಬಣ್ಣ ಅಳಿಸುವ ಸೀಸೆಯ ಮುಚ್ಚಳ ತೆಗೆದಳೆಂದರೆ, ನಾನು ಓದುತ್ತಿದ್ದ ಸಾಲು ಅಲ್ಲೇ ನಿಂತುಬಿಡುತ್ತದೆ. ಮೂಗಿನ ಮೇಲ್ಭಾಗಕ್ಕೆ ತಣ್ಣಗೆ ತಾಗಿ, ನಾಲಗೆಯ ಬುಡದಲ್ಲಿ ಸ್ವಲ್ಪ ಸಿಹಿಯಾಗಿ ಇಳಿಯುವ ಆ ವಾಸನೆ ನನ್ನ ಪಾಲಿಗೆ ಕಾಚಿಗುಡದ ಗಲ್ಲಿಯೊಂದರ ಮನೆಯದು. ಕಿಟಕಿಗೆ ಕಂಬಳಿ ಇಳಿಬಿಟ್ಟು ಕತ್ತಲೆ ಮಾಡಿದ ಕೋಣೆಯಲ್ಲಿ ನನ್ನ ಅಜ್ಜ ಹರಿದ ಫಿಲಂ ಅಂಟಿಸುತ್ತಿದ್ದ ಮಧ್ಯಾಹ್ನಗಳದು. ಅಂಟಿಗೆ ಅವರು ಸಿಮೆಂಟು ಎನ್ನುತ್ತಿದ್ದರು. ಅದರ ಪುಟ್ಟ ಸೀಸೆಯೊಳಗೆ ಒಂದು ಕುಂಚವಿತ್ತು. ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ಕೋಣೆ ತುಂಬಿ ಹೋಗುತ್ತಿತ್ತು. ಆ ವಾಸನೆಯ ಹಿಂದೆ ಹಳೆಯ ಫಿಲಂನ ಹುಳಿ, ಬಿಸಿ ಬಲ್ಬಿನ ಮೇಲೆ ಸುಡುವ ಧೂಳು, ಅಡುಗೆಮನೆಯಲ್ಲಿ ಅಜ್ಜಿ ರೊಟ್ಟಿ ಬಡಿಯುವ ಸದ್ದು. ಫ್ಲ್ಯಾಟಿನ ಹುಡುಗಿ ಸೀಸೆ ಮುಚ್ಚಿದ ಮೇಲೂ ನಾನು ಸ್ವಲ್ಪ ಹೊತ್ತು ಆಳವಾಗಿ ಉಸಿರೆಳೆಯುತ್ತಿರುತ್ತೇನೆ. ಏಕೆಂದು ಅವಳು ಕೇಳಿಲ್ಲ, ನಾನು ಹೇಳಿಲ್ಲ.

ಅಜ್ಜ ಲಿಂಗಸುಗೂರು ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದು, ಅಬಿಡ್ಸ್‌ನ ಒಂದು ಟಾಕೀಸಿನಲ್ಲಿ ಮೊದಲು ಗೇಟು ಕಾದು, ಆಮೇಲೆ ಯಂತ್ರದ ಕ್ಯಾಬಿನ್ ಹತ್ತಿ ಫಿಲಂ ಓಡಿಸುವ ಆಪರೇಟರ್ ಆದರು. ನಾನು ಹುಟ್ಟುವ ಹೊತ್ತಿಗೆ ಆ ಟಾಕೀಸು ಮುಚ್ಚಿತ್ತು. ಈಗ ಅಲ್ಲಿ ಸೀರೆ ಅಂಗಡಿಯಿದೆ. ಅವರ ಕಾಲದಲ್ಲಿ ದೊಡ್ಡ ಚಿತ್ರಕ್ಕೆ ಮುಂಚೆ ಏಳೆಂಟು ನಿಮಿಷದ ಹಳೆಯ ಕಾರ್ಟೂನೊಂದನ್ನು ತೋರಿಸುವ ರೂಢಿಯಿತ್ತಂತೆ. ಆಟಕ್ಕೆ ತಡವಾದ ದಿನ ಮ್ಯಾನೇಜರ್ ಕೆಳಗಿನಿಂದ "ದೋ ಮಿನಿಟ್ ಕಾಟ್ ಡಾಲೋ!" ಎಂದು ಕೂಗುತ್ತಿದ್ದರು. ಅಜ್ಜ ಕತ್ತರಿ ತೆಗೆದುಕೊಂಡು ಎರಡು ನಿಮಿಷ ಕತ್ತರಿಸುತ್ತಿದ್ದರು. ಹಾಗೆ ಕತ್ತರಿಸಿದ್ದು ಯಾವಾಗಲೂ ಬಿರುಗಾಳಿಯ ಭಾಗವನ್ನೇ. ಯಾಕೆಂದು ನಾನು ಕೇಳಿದ್ದೆ. "ಗಾಳಿಗೆ ಹಿಂದ ಮುಂದ ಎರಡೂ ಕಡೆ ಕತ್ತರಿ ಹಾಕಾಕ ಜಾಗಾ ಇರ್ತೈತವ್ವಾ. ಮೊದಲೂ ಬಿಸಲು, ಆಮ್ಯಾಲೂ ಬಿಸಲು. ನಡುವಿಂದು ತಗದ್ರ ಯಾರಿಗೂ ಗೊತ್ತಾಗಂಗಿಲ್ಲ" ಎಂದಿದ್ದರು. ಚಿತ್ರ ಹಂಚುವವರ ಡಿಪೋಗೆ ರೀಲು ಹಿಂದಿರುಗಿಸುವಾಗ ಕತ್ತರಿಸಿದ್ದನ್ನು ಮತ್ತೆ ಜೋಡಿಸಬೇಕಿತ್ತು. ಮರೆತದ್ದು, ಅಂಚಿನ ತೂತುಗಳು ಹರಿದು ಜೋಡಿಸಲಾಗದ್ದು, ಎಲ್ಲ ಅಜ್ಜನ ತಗಡಿನ ಡಬ್ಬಿಯಲ್ಲಿ ಉಳಿಯಿತು. ಹೀಗಾಗಿ ನಮ್ಮ ಮನೆಯಲ್ಲಿ ಕಥೆಗಳಿರಲಿಲ್ಲ, ಅವುಗಳ ಬಿರುಗಾಳಿಗಳು ಮಾತ್ರ ಇದ್ದವು.

ಅವನ್ನು ತೋರಿಸಲು ಅಜ್ಜ ಬೇಗಂ ಬಜಾರಿನ ತಗಡುಗಾರನಿಂದ ಒಂದು ಪೆಟ್ಟಿಗೆ ಮಾಡಿಸಿದ್ದರು. ಒಳಗೆ ಬಲ್ಬು, ಮುಂದೆ ಹಳೆಯ ಯಂತ್ರದ ಲೆನ್ಸು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿಕೆ. ಬೇಸಿಗೆ ರಜೆಯಲ್ಲಿ ಊಟವಾದ ಮೇಲೆ "ಇವತ್ತ ಯಾವ ಗಾಳಿ ನೋಡೂಣು?" ಎಂದು ಕೇಳುತ್ತಿದ್ದರು. ಸುಣ್ಣದ ಗೋಡೆಯ ಮೇಲೆ ನಡುಗುವ ಚೌಕವೊಂದು ಮೂಡಿ, ಅದರೊಳಗೆ ಕೆನ್ನೆ ಉಬ್ಬಿಸಿದ ಮೋಡ ಬರುತ್ತಿತ್ತು. ಹಾಸಿಗೆಯ ಮೇಲೆ ಮಲಗಿದ್ದ ಕತ್ತೆ ಹಾಸಿಗೆಯ ಸಮೇತ ಆಕಾಶಕ್ಕೆ ಹಾರುತ್ತಿತ್ತು. ಒಂದೇ ಮರದ ಎರಡು ಕೊಂಬೆಗಳಲ್ಲಿದ್ದ ಎರಡು ಕಾಗೆಗಳು ಒಂದೇ ಗೂಡಿಗೆ ಬಂದು ಬೀಳುತ್ತಿದ್ದವು. ಶಬ್ದವಿರದ ಕಾರಣ ಗಾಳಿಯನ್ನು ಅಜ್ಜ ಬಾಯಿಂದ ಬೀಸುತ್ತಿದ್ದರು, ಗುಡುಗಿಗೆ ನಾನು ಹಿಟ್ಟು ನಾದುವ ಹಿತ್ತಾಳೆಯ ಪರಾತ ಬಡಿಯುತ್ತಿದ್ದೆ. "ಆ ಪರಾತ ನನ್ನ ತವರುಮನಿದ್ರೀ! ಸೊಟ್ಟ ಆತಂದ್ರ ಅಜ್ಜ ಮೊಮ್ಮಗಳು ಇಬ್ಬರೂ ನೆಲದ ಮ್ಯಾಲ ಉಣ್ರಿ" ಎಂದು ಅಜ್ಜಿ ಒಳಗಿನಿಂದ ಕೂಗುತ್ತಿದ್ದರು. ಅಜ್ಜ ಗಾಳಿ ನಿಲ್ಲಿಸಿ, "ಸಣ್ಣ ಗುಡುಗು ಹೊಡಿಯವ್ವಾ" ಎನ್ನುತ್ತಿದ್ದರು.

ಇಂಥ ಹನ್ನೊಂದು ಬಿರುಗಾಳಿಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಅವುಗಳ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂಬುದು ಮಾತ್ರ ನನ್ನನ್ನು ಬಿಡದೆ ಕಾಡುತ್ತಿತ್ತು. ಕತ್ತೆ ಆ ಹಾಸಿಗೆಯಲ್ಲಿ ಯಾಕೆ ಮಲಗಿತ್ತು? ಕಾಗೆಗಳು ಮೊದಲೇ ಜಗಳವಾಡಿದ್ದವೇ? ಅಜ್ಜನಿಗೂ ಎಲ್ಲ ನೆನಪಿರಲಿಲ್ಲ. ಇದ್ದದ್ದನ್ನೂ ದಿನಕ್ಕೊಂದು ಬಗೆಯಾಗಿ ಹೇಳುತ್ತಿದ್ದರು. ನೋಡಿ ನೋಡಿ ನನಗೆ ಕೆಲವು ನಿಯಮಗಳು ಹೊಳೆದಿದ್ದವು. ಅಲ್ಲಿನ ಮಳೆ ಊರಿಗೆಲ್ಲ ಬೀಳುವುದಿಲ್ಲ, ಬೇಕಾದವರ ತಲೆಯ ಮೇಲೆ ಮಾತ್ರ ಬೀಳುತ್ತದೆ. ಮಿಂಚು ಗುರಿ ತಪ್ಪುವುದಿಲ್ಲ. ಎಷ್ಟೇ ದೊಡ್ಡ ಗಾಳಿಯಾಗಲಿ ಯಾರನ್ನೂ ಕೊಲ್ಲುವುದಿಲ್ಲ. ಎತ್ತಿ ಇನ್ನೊಂದು ಕಡೆ ಇಡುತ್ತದೆ, ಅಷ್ಟೆ. ಇಟ್ಟ ತಕ್ಷಣ ಬಿಸಿಲು ಬರುತ್ತದೆ. ಮೋಡಕ್ಕೆ ಮುಖ ಯಾಕೆ ಬರೆದಿದ್ದಾರೆ ಎಂದು ಒಮ್ಮೆ ಕೇಳಿದೆ. ಅಜ್ಜ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ ಯೋಚಿಸಿದರು. "ಕಥಿ ಎಲ್ಲಿ ಸಿಕ್ಕೊಂಡು ನಿಲ್ತೈತಿ, ಅಲ್ಲಿ ಬರದಾವ ಗಾಳಿ ಬಿಡ್ತಾನ. ಮುಖ ಇದ್ರ ಮಂದಿ ಬರದಾವನ್ನ ಕೇಳಂಗಿಲ್ಲ, ಮೋಡ ಮಾಡ್ತು ಅಂತಾರ" ಎಂದರು. ಹತ್ತು ವರ್ಷದವಳಿಗೆ ಆ ಉತ್ತರ ಪೂರ್ತಿ ತಿಳಿಯಲಿಲ್ಲ. ಕಥೆ ಸಿಕ್ಕಿಕೊಂಡಾಗ ಗಾಳಿ ಬರುತ್ತದೆ ಎಂಬ ಅರ್ಧವನ್ನು ಮಾತ್ರ ನಾನು ಹಿಡಿದುಕೊಂಡೆ.

ಹಿಡಿದುಕೊಳ್ಳಲು ಕಾರಣವಿತ್ತು. ನಮ್ಮ ಬಾಡಿಗೆ ಮನೆಯಲ್ಲಿ ಎರಡು ಭಾಗಗಳಿದ್ದವು. ನಡುವೆ ನಾಲ್ಕು ಹೆಜ್ಜೆಯ ಅಂಗಳ, ಅಂಗಳದಲ್ಲಿ ಒಂದೇ ನಳ. ಈ ಕಡೆ ಅಜ್ಜ, ಅಜ್ಜಿ, ನನ್ನ ಅಪ್ಪ ಅಮ್ಮ, ನಾನು. ಆ ಕಡೆ, ತಗಡಿನ ಮಾಡಿನ ಕೆಳಗೆ, ಅಜ್ಜನ ತಮ್ಮ ಒಬ್ಬರೇ. ನಾನು ಅವರನ್ನು ಸಣ್ಣಜ್ಜ ಎನ್ನುತ್ತಿದ್ದೆ, ಅಜ್ಜಿ ಶಂಕ್ರಪ್ಪ ಎನ್ನುತ್ತಿದ್ದರು. ಅವರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಗಳು ರಾಯಚೂರಿನಲ್ಲಿದ್ದಳು. ಅಣ್ಣ ತಮ್ಮಂದಿರು ನಾನು ಹುಟ್ಟುವುದಕ್ಕೂ ಮುಂಚಿನಿಂದ, ಒಟ್ಟು ಹದಿನೇಳು ವರ್ಷ, ಪರಸ್ಪರ ಮಾತಾಡಿರಲಿಲ್ಲ. ಹಾಗೆಂದು ಮಾತು ನಿಂತಿರಲಿಲ್ಲ; ನಡುವೆ ಒಬ್ಬರು ಬೇಕಾಗಿತ್ತು, ಆ ಕೆಲಸ ವಯಸ್ಸಿನ ಪ್ರಕಾರ ನನಗೆ ಬಂದಿತ್ತು. ಅಜ್ಜ ಎದುರಿಗೇ ಹಲ್ಲುಜ್ಜುತ್ತ ನಿಂತಿದ್ದಾಗ ಸಣ್ಣಜ್ಜ ನನಗೆ, "ನಿಮ್ಮಜ್ಜಗ ಹೇಳು, ನಳ ಬಂದೈತಿ ಅಂತ" ಎನ್ನುತ್ತಿದ್ದರು. ನಾನು ತಿರುಗಿ "ಅಜ್ಜ, ನಳ ಬಂದೈತಂತ" ಎನ್ನುವುದು. ಅಜ್ಜ ಬಾಯಿ ಮುಕ್ಕಳಿಸಿ, "ಕಿವಿ ಅದಾವು ಅಂತ ಹೇಳು" ಎನ್ನುವುದು. ಅದನ್ನು ಸಣ್ಣಜ್ಜನಿಗೆ ಹೇಳುವುದು. ಒಬ್ಬರೂ ನಗುತ್ತಿರಲಿಲ್ಲ. ಗಲ್ಲಿಯ ಬೇರೆ ಮನೆಗಳಲ್ಲೂ ಅಜ್ಜಂದಿರು ಹೀಗೆಯೇ ಮಾತಾಡುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ.

ಕಾರಣವನ್ನು ಅಜ್ಜಿ ಹೇಳಿದ್ದರು, ಹೆಸರುಬೇಳೆ ಆರಿಸುತ್ತ, ತಲೆಯೆತ್ತದೆ. ಇಬ್ಬರೂ ಒಂದೇ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ತಮ್ಮನಿಗೆ ಕೆಲಸ ಕಲಿಸಿದ್ದೂ ಅಜ್ಜನೇ. ಒಂದು ಭಾನುವಾರ ಬೆಳಗಿನ ಆಟ ಅಜ್ಜನದು, ಮಧ್ಯಾಹ್ನದ್ದು ಸಣ್ಣಜ್ಜನದು. ದೊಡ್ಡ ಚಿತ್ರದ ಒಂದು ರೀಲು ಬೆಳಗ್ಗೆ ಹರಿದಿತ್ತು, ಅದನ್ನು ಜೋಡಿಸಬೇಕಿತ್ತು. ಅದೇ ಮೇಜಿನ ಮೇಲೆ ಕಾರ್ಟೂನಿನಿಂದ ಕತ್ತರಿಸಿದ ಬಿರುಗಾಳಿಯೊಂದೂ ಬಿದ್ದಿತ್ತು. ಮಧ್ಯಾಹ್ನದ ಆಟದಲ್ಲಿ ತಾಯಿ ಸಾಯುವ ಹೊತ್ತಿಗೆ, ಮಗ ಅವಳ ಪಾದಕ್ಕೆ ತಲೆಯಿಟ್ಟು ಅಳುತ್ತಿರುವಾಗ, ಪರದೆಯ ಮೇಲೆ ಕೆನ್ನೆ ಉಬ್ಬಿಸಿಕೊಂಡು ಮೋಡ ಬಂತು. ಉಫ್ ಎಂದು ಊದಿತು. ತಾಯಿಯ ಹಾಸಿಗೆ ಇದ್ದ ಕಡೆ ಹಂದಿಯೊಂದು ಕೊಡೆ ಹಿಡಿದು ಆಕಾಶಕ್ಕೆ ಹಾರಿತು. ಟಾಕೀಸು ಬಿದ್ದು ಬಿದ್ದು ನಕ್ಕಿತು, ಸೀಟಿ ಹೊಡೆಯಿತು, ಅಳಲು ಬಂದಿದ್ದ ಹೆಂಗಸರು ಸಿಟ್ಟಿಗೆದ್ದು ಹೊರಟರು. ಆ ದಿನ ಮ್ಯಾನೇಜರ್ ಮನೆಯವರೂ ಆಟ ನೋಡಲು ಬಂದಿದ್ದರಂತೆ. ತಪ್ಪು ತುಂಡು ಜೋಡಿಸಿದ್ದು ಯಾರೆಂದು ಮ್ಯಾನೇಜರ್ ಕೇಳಿದರು. ಅಜ್ಜ "ನಾನಲ್ಲ" ಎಂದರು. ಸಣ್ಣಜ್ಜ ಏನೂ ಹೇಳಲಿಲ್ಲ. ಕ್ಯಾಬಿನ್ನಿನಲ್ಲಿ ಮೂರನೆಯವರು ಇರಲಿಲ್ಲ. ಮರುದಿನದಿಂದ ಸಣ್ಣಜ್ಜನಿಗೆ ಅಲ್ಲಿ ಕೆಲಸವಿರಲಿಲ್ಲ. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುವ ಕೆಲಸ ಹಿಡಿದರು. "ತಪ್ಪು ಶಂಕ್ರಪ್ಪಂದ. ಹಂಗಂತ ಅಣ್ಣಾದಾವ ಒಂದು ಮಾತು ತಡೀಬೇಕಿತ್ತು. ಅದಕ್ಕ ಸಿಟ್ಟು ಅವನಿಗೆ" ಎಂದು ಅಜ್ಜಿ ಮುಗಿಸಿದ್ದರು. ಮನೆಯವರೆಲ್ಲ ನಂಬಿದ್ದು ಇಷ್ಟನ್ನೇ.

ನನ್ನ ಹತ್ತನೆಯ ವರ್ಷದ ಬೇಸಿಗೆಯಲ್ಲಿ ಮನೆಯ ಮಾಲೀಕರು ಜಾಗವನ್ನು ಬಿಲ್ಡರ್‌ಗೆ ಕೊಟ್ಟರು. ಮೇ ಮುಗಿಯುವುದರೊಳಗೆ ಖಾಲಿ ಮಾಡಬೇಕಿತ್ತು. ನಾವು ಕೊಂಡಾಪುರದ ಕಡೆ ಹೋಗುವುದು, ಸಣ್ಣಜ್ಜ ರಾಯಚೂರಿಗೆ ಮಗಳ ಮನೆಗೆ ಹೋಗುವುದು ಎಂದಾಯಿತು. ಅಂಗಳವೇ ಇಲ್ಲದ ಮೇಲೆ, ನಡುವೆ ನಿಲ್ಲಲು ನಾನೂ ಇಲ್ಲದ ಮೇಲೆ, ಇವರಿಬ್ಬರು ಇನ್ನೆಂದೂ ಮಾತಾಡುವುದಿಲ್ಲ ಎಂಬುದು ನನಗೆ ತಟ್ಟನೆ ಅರಿವಾಯಿತು. ದೊಡ್ಡವರು ಅದನ್ನು ಯೋಚಿಸಿರಲಿಲ್ಲವೋ, ಯೋಚಿಸಿ ಬಿಟ್ಟಿದ್ದರೋ ತಿಳಿಯದು. ನಾನು ಕಾಗೆಗಳ ಬಗ್ಗೆ ಯೋಚಿಸಿದೆ. ಕಥೆ ಇಷ್ಟು ಸಿಕ್ಕಿಕೊಂಡಿದೆ ಎಂದ ಮೇಲೆ ಗಾಳಿ ಬರಲೇಬೇಕು. ಬಂದು ಸಣ್ಣಜ್ಜನನ್ನು ಎತ್ತಿ ನಮ್ಮ ಸೂರಿನ ಕೆಳಗೆ ಇಡಬೇಕು. ಇಟ್ಟ ಮೇಲೆ ಉಳಿದದ್ದು ತಾನಾಗಿ ಆಗುತ್ತದೆ. ದಿನವೂ ಸಂಜೆ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಆಕಾಶ ನೋಡುತ್ತಿದ್ದೆ. ಅಮ್ಮ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಒಳಗೆ ಹೋಗುತ್ತಿದ್ದಳು.

ಗಾಳಿ ಬಂದೇ ಬಂತು. ಮೇ ಎರಡನೆಯ ವಾರದ ಒಂದು ಮಧ್ಯಾಹ್ನ, ಮೂರು ಗಂಟೆಗೆ ಬೆಳಕು ಹಳದಿಯಾಗಿ, ಆಮೇಲೆ ಕಂದಾಗಿ, ಎಲ್ಲಿಂದಲೋ ಧೂಳಿನ ಗೋಡೆಯೊಂದು ಎದ್ದು ಗಲ್ಲಿಗೆ ನುಗ್ಗಿತು. ಹಿಂದೆಯೇ ಆಲಿಕಲ್ಲು. ಹೊರಗೆ ಮಕ್ಕಳು ತೆಲುಗಿನಲ್ಲಿ "ವಡಗಂಡ್ಲು! ವಡಗಂಡ್ಲು!" ಎಂದು ಕುಣಿದು ಆರಿಸತೊಡಗಿದವು. ಅಂಗಳದಾಚೆ ಕಿರ್ರೆಂದು ಸದ್ದಾಯಿತು. ಸಣ್ಣಜ್ಜನ ಮಾಡಿನ ಎರಡು ತಗಡು ಮೇಲೆದ್ದು, ಒಂದು ಕ್ಷಣ ನಿಂತು, ಪಕ್ಕದ ಮನೆಯ ಗೋಡೆಯಾಚೆ ಹೋದವು. ಸಣ್ಣಜ್ಜ ತಲೆಗೆ ಗೋಣಿಚೀಲ ಹಾಕಿಕೊಂಡು, ಟ್ರಂಕನ್ನು ಎದೆಗೆ ಅವಚಿ, ನಮ್ಮ ಬಾಗಿಲಿಗೆ ಬಂದು ನಿಂತರು. "ಒಳಗ ಬಾರೋ ಶಂಕ್ರಪ್ಪ, ಹೊರಗ ನಿಂತು ಯಾರಿಗೆ ತೋರಸ್ತಿ?" ಎಂದು ಅಜ್ಜಿ ಟ್ರಂಕು ಎಳೆದುಕೊಂಡರು. ಸಣ್ಣಜ್ಜ ಹೊಸ್ತಿಲ ಒಳಗೆ ಕುಕ್ಕರಗಾಲಿನಲ್ಲಿ ಕೂತರು. ಅಜ್ಜ ಮಂಚದ ಮೇಲಿದ್ದರು. ಅವರ ನಡುವೆ ಮೂರು ಮೊಳ ಜಾಗ. ನಾನು ಗೋಡೆಯ ಮೇಲೆ ನೋಡಿದ್ದಕ್ಕಿಂತ ಇದು ಚೆನ್ನಾಗಿ ಕೂಡಿಬಂದಿತ್ತು.

ನೀರು ಹೊಸ್ತಿಲು ದಾಟಿತು. ಸಣ್ಣಜ್ಜ ನನ್ನ ಕಡೆ ನೋಡಿ, "ನಿಮ್ಮಜ್ಜಗ ಹೇಳು, ಚಪ್ಪಲಿ ತೇಲಾಕತ್ತಾವು ಅಂತ" ಎಂದರು. ಅಜ್ಜ ಬಾಗಿ ಚಪ್ಪಲಿ ಎತ್ತಿಕೊಂಡು, "ಕಂಡೈತಿ ಅಂತ ಹೇಳು" ಎಂದರು. "ಏನ್ ಗಂಡಸ್ರೋ ಏನೋ! ಮ್ಯಾಲ ಆಕಾಶ ಹರದು ಬೀಳಾಕತ್ತೈತಿ, ಇವರಿಗೆ ಇನ್ನೂ ನಡುವ ಒಬ್ಬಾಕಿ ಬೇಕು" ಎಂದು ಅಜ್ಜಿ ಹಣೆ ಬಡಿದುಕೊಂಡರು. ಆಗ ನನಗೊಂದು ಉಪಾಯ ಹೊಳೆಯಿತು. ನಾನೇ ಇಲ್ಲದಿದ್ದರೆ? ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದೆ, ಅಜ್ಜಿಯನ್ನೂ ಸೆರಗು ಹಿಡಿದು ಎಳೆದುಕೊಂಡೆ. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತೆವು. ಹೆಂಚಿನ ಮೇಲೆ ಮಳೆ, ಬಕೆಟ್ಟಿಗೆ ಸೋರುವ ಹನಿ, ದೂರದಲ್ಲಿ ರೈಲಿನ ಕೂಗು. ಅರ್ಧ ಗಂಟೆ ನಾವು ಕೇಳಿದ್ದು ಅಷ್ಟನ್ನೇ. ಆಮೇಲೆ ಮಳೆ ನಿಂತಿತು, ಬಿಸಿಲೂ ಬಂತು. ಸಣ್ಣಜ್ಜ ಟ್ರಂಕು ಎತ್ತಿಕೊಂಡು, "ಬರ್ತೀನಿ ವೈನಿ" ಎಂದು ಅಜ್ಜಿಗೆ ಹೇಳಿ ಹೋದರು. ನಾನು ಮಂಚದ ಪಕ್ಕ ನಿಂತು, "ಗಾಳಿ ಬಂತಲ್ಲಜ್ಜ, ಏನೂ ಆಗಲೇ ಇಲ್ಲಲ್ಲ?" ಎಂದೆ. "ಏನಾಗಬೇಕಿತ್ತವ್ವಾ?" ಎಂದರು ಅಜ್ಜ. ಹೇಳಲು ನಾಚಿಕೆಯಾಯಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಗಾಳಿ ನಿಜವಾಗಿ ಮಾಡಿದ್ದು ಒಂದೇ ಕೆಲಸ: ಸಣ್ಣಜ್ಜನ ಟ್ರಂಕು ಒಳಗೆಲ್ಲ ತೊಯ್ದಿತ್ತು. ಮರುದಿನ ಬೆಳಗ್ಗೆ ಅವರು ಅಂಗಳದಲ್ಲಿ ಒಂದೊಂದೇ ಸಾಮಾನು ಬಿಸಿಲಿಗೆ ಹರಡಿದರು. ಹೆಂಡತಿಯ ಇಳಕಲ್ ಸೀರೆ, ಮಗಳ ಶಾಲೆಯ ಸ್ಲೇಟು, ಬಟ್ಟೆ ಅಂಗಡಿಯವರು ಕೊಟ್ಟ ಶಾಲು. ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಸುರುಳಿ ಸುತ್ತಿದ ಫಿಲಂ ಇತ್ತು. ನಾನು ಕೇಳದೆ ಯಾವುದನ್ನೂ ಮುಟ್ಟುವ ಹುಡುಗಿಯಾಗಿರಲಿಲ್ಲ. ಆ ದಿನ ಮುಟ್ಟಿದೆ. ಬೆಳಕಿಗೆ ಹಿಡಿದರೆ ಮೋಡ, ಕೊಡೆ ಹಿಡಿದು ಹಾರುವ ಹಂದಿ. ನನಗೆ ಗೊತ್ತಿದ್ದ ಹನ್ನೊಂದರಲ್ಲಿ ಸೇರದ್ದು, ಹನ್ನೆರಡನೆಯದು. ಸಣ್ಣಜ್ಜ ನನ್ನನ್ನೇ ನೋಡುತ್ತಿದ್ದರು. "ಒಯ್ದು ನಿಮ್ಮಜ್ಜಗ ಕೊಡು. ಅವನ ಡಬ್ಬಿದು ಅದು" ಎಂದರು.

ಇಲ್ಲಿ ಅಜ್ಜನ ಕೈಗುಣದ ಒಂದು ಸಂಗತಿ ಹೇಳಬೇಕು. ಎರಡು ತುಂಡು ಫಿಲಂ ಜೋಡಿಸುವಾಗ ಅಂಚನ್ನು ಬ್ಲೇಡಿನಿಂದ ಕೆರೆದು, ಸಿಮೆಂಟು ಹಚ್ಚಿ, ಒಂದರ ಮೇಲೊಂದು ಒತ್ತಿ ಹಿಡಿಯುತ್ತಾರೆ. ಅದಕ್ಕೆ ಜಾಯಿಂಟು ಎನ್ನುತ್ತಾರೆ. ಬೇರೆಯವರು ಅದನ್ನು ಬಟ್ಟೆಯಿಂದಲೋ ಕತ್ತರಿಯ ಬೆನ್ನಿನಿಂದಲೋ ಒತ್ತುತ್ತಾರಂತೆ. ಅಜ್ಜ ಹೆಬ್ಬೆರಳ ಉಗುರಿನಿಂದ ಎರಡು ಸಲ ತೀಡುತ್ತಿದ್ದರು. ಆ ಉಗುರು ಎಂದೋ ಯಂತ್ರಕ್ಕೆ ಸಿಕ್ಕಿ ಸೀಳಿತ್ತು. ಹಾಗಾಗಿ ಅವರ ಪ್ರತಿ ಜಾಯಿಂಟಿನ ಮೇಲೆ ಕೂದಲಿನಷ್ಟು ಸಣ್ಣ ಗೀಟುಗಳು ಜೋಡಿಜೋಡಿಯಾಗಿ ಉಳಿಯುತ್ತಿದ್ದವು. ಗೋಡೆಯ ಮೇಲೆ ಅವು ಮಿಂಚಿ ಹೋಗುವುದನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ, ಅವನ್ನು ಹುಡುಕದೆ ಯಾವ ಫಿಲಂ ಅನ್ನೂ ನೋಡಲಾರದವಳಾಗಿದ್ದೆ. ಸಣ್ಣಜ್ಜ ಕೊಟ್ಟ ತುಂಡಿನ ಎರಡೂ ತುದಿಗಳಲ್ಲಿ ಬೆರಳುದ್ದ ಬೇರೆ ಚಿತ್ರ ಅಂಟಿಕೊಂಡಿತ್ತು: ಕಣ್ಣು ಮುಚ್ಚಿ ಮಲಗಿದ ಹೆಂಗಸು, ಅವಳ ಪಾದದ ಮೇಲೆ ಒಬ್ಬನ ತಲೆ. ಅವಳು ಮುಗಿದು ಮೋಡ ಶುರುವಾಗುವಲ್ಲಿ ಜಾಯಿಂಟು. ಜಾಯಿಂಟಿನ ಮೇಲೆ ಆ ಗೀಟುಗಳು.

ಅಜ್ಜ ಮಂಚದ ಮೇಲೆ ಕೂತು ಪೇಪರು ಓದುತ್ತಿದ್ದರು. ನಾನು ಹೊಸದೊಂದು ಸಿಕ್ಕ ಸಂತೋಷದಲ್ಲಿದ್ದೆ. ಯಾರದೋ ಗುಟ್ಟು ಹೊರಗೆಳೆಯುವ ಉದ್ದೇಶವಾಗಲಿ ಬುದ್ಧಿಯಾಗಲಿ ನನಗಿರಲಿಲ್ಲ. ಫಿಲಂ ಅವರ ಕೈಗಿಟ್ಟು, "ಸಣ್ಣಜ್ಜ ಕೊಟ್ಟ. ಇದರ ಮ್ಯಾಲೂ ನಿಮ್ಮ ಗೀಟು ಅದಾವಜ್ಜ" ಎಂದೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಅವರ ಮುಖ ನೋಡುತ್ತ ನೋಡುತ್ತ, ಅಜ್ಜಿ ಹೇಳಿದ ಕಥೆಗೂ ನನ್ನ ಮಾತಿಗೂ ನಡುವಿನ ಸಂಬಂಧ ನನ್ನೊಳಗೆ ತಾನಾಗಿ ಕೂಡಿಕೊಂಡಿತು. ಆ ಭಾನುವಾರ ತಪ್ಪು ತುಂಡು ಜೋಡಿಸಿದ್ದು ಸಣ್ಣಜ್ಜ ಅಲ್ಲ, ಅಜ್ಜ. ಅಜ್ಜ ಎದ್ದು, ಮೊಳೆಯಿಂದ ಅಂಗಿ ತೆಗೆದು ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡರು. ನಾಲ್ಕು ಹೆಜ್ಜೆಯ ಅಂಗಳ ದಾಟಲು ಅಂಗಿ ತೊಟ್ಟರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಶಂಕ್ರ" ಎಂದರು ಅಜ್ಜ.

ಸಣ್ಣಜ್ಜ ಶಾಲು ಹಿಂಡುತ್ತಿದ್ದರು, ತಿರುಗಲಿಲ್ಲ.

"ಆ ಜಾಯಿಂಟ್ ನಂದು."

"ಗೊತ್ತೈತಿ."

"ಯಾವಾಗಿಂದ?"

"ರೀಲಿನಿಂದ ಕತ್ತರಿಸಿ ಕೈಯಾಗ ಹಿಡದ ಹೊತ್ತಿನಿಂದ. ನನಗ ಕೆಲಸ ಕಲಿಸಿದಾವ ನೀನು. ನಿನ್ನ ಉಗುರು ನನಗ ಗೊತ್ತಾಗಂಗಿಲ್ಲೇನು?"

"ಮತ್ತ ಮ್ಯಾನೇಜರ್‌ಗ ಯಾಕ ತೋರಿಸ್ಲಿಲ್ಲೋ?"

"ತೋರಿಸಿದ್ರ ನಿನ್ನ ಮನಿಗೆ ಕಳಸ್ತಿದ್ರು. ನಿನ್ನ ಎರಡೂ ಮಕ್ಕಳು ಇನ್ನೂ ಸಾಲಿಗೆ ಹೋಗ್ತಿದ್ರು." ಸಣ್ಣಜ್ಜ ಶಾಲನ್ನು ಹಗ್ಗದ ಮೇಲೆ ಹರವಿ, ಅಂಚು ಸರಿಮಾಡಿ, ಆಮೇಲೆ ತಿರುಗಿದರು. "ಅವರಿಗೆ ಹೇಳೂದು ಬ್ಯಾಡಾಗಿತ್ತಣ್ಣ. ಸಂಜಿಕ ಮನಿಗೆ ಬಂದು ನನಗ ಹೇಳಬೇಕಿತ್ತು. ಅಷ್ಟ."

ಅಜ್ಜ ನಳದ ಕಟ್ಟೆಯ ಮೇಲೆ ಕೂತುಬಿಟ್ಟರು. "ಹೆದರಿದ್ನೋ" ಎಂದರು, ಮೆಲ್ಲಗೆ. "ಆಮ್ಯಾಲ ದಿನಾ ಹೇಳೂಣು ಅಂತಿದ್ದೆ. ಒಂದು ದಿನ ಬಿಟ್ರ ಮರುದಿನ ಇನ್ನ ಕಠಿಣ ಆಗ್ತೈತಿ." ಸಣ್ಣಜ್ಜ ಬಿಸಿಲಿಗೆ ಹರಡಿದ್ದ ಸೀರೆಯ ಮಗ್ಗುಲು ಬದಲಿಸಿದರು. ಸಮಾಧಾನ ಹೇಳಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಎರಡು ಲೋಟ ಹಿಡಿದು ಹೊರಗೆ ಬಂದರು, ಕಣ್ಣು ಕೆಂಪಗಿತ್ತು. "ಹದಿನೇಳು ವರ್ಷ ಇವರಿಗೊಂದು ಸಲ, ಅವರಿಗೊಂದು ಸಲ ಚಾ ಇಟ್ಟೀನಿ. ಗ್ಯಾಸು ನಿಮ್ಮಪ್ಪ ತಂದು ಹಾಕಿದ್ದನೇನ್ರಿ? ಒಂದ ಕಡೆ ಕುಂತು ಕುಡೀರಿ ಇಬ್ಬರೂ" ಎಂದು ಲೋಟಗಳನ್ನು ಕಟ್ಟೆಯ ಮೇಲೆ ಕುಕ್ಕಿದರು. ಸಣ್ಣಜ್ಜ ಒಂದನ್ನು ಎತ್ತಿಕೊಂಡರು. ನಿಂತೇ ಕುಡಿದರು, ಕೂರಲಿಲ್ಲ.

ಮನೆ ಖಾಲಿ ಮಾಡಲು ಇನ್ನು ಹದಿನಾರು ದಿನ ಉಳಿದಿತ್ತು. ಆ ಹದಿನಾರು ದಿನ ಅವರು ಮಾತಾಡಿದರು. ದೊಡ್ಡ ಮಾತುಗಳೇನಲ್ಲ. ಯಾವ ಯಂತ್ರ ಯಾವ ಕಡೆ ವಾಲುತ್ತಿತ್ತು, ಯಾವ ಚಿತ್ರದ ನಾಲ್ಕನೆಯ ರೀಲು ಮಳೆಗಾಲದಲ್ಲಿ ಅಂಟಿಕೊಳ್ಳುತ್ತಿತ್ತು, ಕಾರ್ಟೂನಿನ ಗಾಳಿ ಕತ್ತರಿಸಿದ್ದು ಸರಿಯೋ ತಪ್ಪೋ. "ಗಾಳಿ ತಗದ್ರ, ನೆಲದ ಮ್ಯಾಲ ಇದ್ದಾವ ಗುಡ್ಡದ ಮ್ಯಾಲ ಹೆಂಗ ಬಂದ ಅಂತ ಮಂದಿ ಕೇಳಂಗಿಲ್ಲೇನು?" ಎಂದು ಸಣ್ಣಜ್ಜ ವಾದಿಸುತ್ತಿದ್ದರು. "ಹದಿನೈದು ವರ್ಷ ಕತ್ತರಿಸೀನಿ, ಒಬ್ಬ ಕೇಳಿಲ್ಲ" ಎಂದು ಅಜ್ಜ. ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಂಜೆ ನಗುತ್ತ ಮಾತಾಡುತ್ತಿದ್ದ ಸಣ್ಣಜ್ಜ ನಡುವೆಯೇ ನಿಲ್ಲಿಸಿ, ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಜ್ಜ ಆ ಮುಚ್ಚಿದ ಬಾಗಿಲ ಮುಂದೆ ಕತ್ತಲಾಗುವವರೆಗೆ ಕೂತಿದ್ದರು. ಮರುದಿನ ಬೆಳಗ್ಗೆ ಸಣ್ಣಜ್ಜನೇ "ನಳ ಬಂತಣ್ಣ" ಎಂದು ಕೂಗಿದರು. ಅಣ್ಣ ಎಂಬ ಆ ಮಾತಿಗೆ ಅಜ್ಜ ಇನ್ನೂ ಒಗ್ಗಿರಲಿಲ್ಲ. ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಿದರು.

ಕೊಂಡಾಪುರಕ್ಕೆ ಬಂದ ಮೇಲೆ ಅಜ್ಜ ಒಂದೂವರೆ ವರ್ಷ ಇದ್ದರು. ತಿಂಗಳಿಗೊಮ್ಮೆ ರಾಯಚೂರಿಗೆ ಫೋನು ಹೋಗುತ್ತಿತ್ತು. ಇಬ್ಬರೂ ಫೋನಿನಲ್ಲಿ ಮಾತು ಬಾರದವರು. ಆರೋಗ್ಯ ಕೇಳಿ, ಬಿಸಿಲು ಮಳೆ ಕೇಳಿ ಇಡುತ್ತಿದ್ದರು. ತಗಡಿನ ಡಬ್ಬಿಯ ಫಿಲಂಗಳು ಹೊಸ ಮನೆಯ ಅಟ್ಟದಲ್ಲಿ ಒಂದಕ್ಕೊಂದು ಅಂಟಿ ಗಟ್ಟಿಯಾದವು. ಹುಳಿ ವಾಸನೆ ತಡೆಯಲಾರದೆ ಅಮ್ಮ ಎಸೆದಳು, ನನಗೆ ಹೇಳಿಯೇ ಎಸೆದಳು. ಗಚ್ಚಿಬೌಲಿಯಲ್ಲಿ ಓದುವಾಗ, ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ, ನಾನು ಆ ಕಾಲದ ಕಾರ್ಟೂನುಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ಹನ್ನೆರಡರಲ್ಲಿ ಏಳು ಬಿರುಗಾಳಿಗಳಿಗೆ ಅವುಗಳ ಕಥೆ ಸಿಕ್ಕಿತು. ಕತ್ತೆ ಆ ಹಾಸಿಗೆಯನ್ನು ಕದ್ದಿತ್ತು. ಕಾಗೆಗಳು ಹುಳುವೊಂದಕ್ಕಾಗಿ ಜಗಳವಾಡಿದ್ದವು. ಒಂದೇ ಗೂಡಿಗೆ ಬಿದ್ದ ಮೇಲೆ ಇನ್ನೂ ಜೋರಾಗಿ ಜಗಳವಾಡಿದವು. ನಾನು ಹತ್ತನೆಯ ವಯಸ್ಸಿನಲ್ಲಿ ಊಹಿಸಿದ ಹಾಗೆ ಯಾವ ಗಾಳಿಯೂ ಯಾರನ್ನೂ ಒಂದು ಮಾಡಿರಲಿಲ್ಲ. ಅದು ಪಾತ್ರಗಳನ್ನು ಸ್ಥಳಾಂತರಿಸುವ ಕೆಲಸ ಮಾಡುತ್ತಿತ್ತು. ಮುಂದಿನದು ಅವರವರ ಸ್ವಭಾವಕ್ಕೆ ಬಿಟ್ಟದ್ದು. ಹಂದಿಯ ಕಾರ್ಟೂನು ಇದುವರೆಗೆ ಎಲ್ಲೂ ಸಿಕ್ಕಿಲ್ಲ. ಈಗಲೂ ಒಮ್ಮೊಮ್ಮೆ ಹುಡುಕುತ್ತೇನೆ.

ಕಳೆದ ವರ್ಷ ಒಂದು ಮದುವೆಗೆಂದು ರಾಯಚೂರಿಗೆ ಹೋದಾಗ ಸಣ್ಣಜ್ಜನ ಮಗಳು ಸಿಕ್ಕಳು. ಸಣ್ಣಜ್ಜ ಹೋಗಿಯೂ ಆಗ ಬಹಳ ವರ್ಷಗಳಾಗಿದ್ದವು. ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಅವಳು ಒಂದು ಸಂಗತಿ ಹೇಳಿದಳು. ಕೆಲಸ ಹೋದ ದಿನದಿಂದ ಅವಳಪ್ಪ ಯಾವ ಟಾಕೀಸಿಗೂ ಕಾಲಿಟ್ಟಿರಲಿಲ್ಲವಂತೆ. ಮಗಳು ಅಳಿಯ ಎಷ್ಟು ಕರೆದರೂ ಬಂದಿರಲಿಲ್ಲ. ಅಜ್ಜ ತೀರಿಕೊಂಡಾಗ ಸಣ್ಣಜ್ಜ ಹೈದರಾಬಾದಿಗೆ ಬಂದು, ಮಣ್ಣು ಹಾಕಿ, ದಿನಕರ್ಮ ಮುಗಿಸಿ ಮರಳಿದ್ದರು. ಅದಾದ ಮೂರನೆಯ ದಿನ ಮಧ್ಯಾಹ್ನ ಮನೆಯಲ್ಲಿ ಯಾರಿಗೂ ಹೇಳದೆ ಹೊರಟುಹೋದರು. ಎಲ್ಲರೂ ಗಾಬರಿಯಾಗಿ ಹುಡುಕುತ್ತಿರುವಾಗ ಸಂಜೆಗೆ ತಾವಾಗಿ ಬಂದರು. ಎಲ್ಲಿ ಹೋಗಿದ್ದಿ ಎಂದರೆ, ಟಾಕೀಸಿಗೆ ಎಂದರು. ಅವಳಿಗೆ ಆಶ್ಚರ್ಯ. ಯಾವ ಸಿನಿಮಾ ನೋಡಿದಿ ಅಪ್ಪಾ ಎಂದು ಕೇಳಿದಳಂತೆ.

"ಸಿನಿಮಾ ನೋಡ್ಲಿಲ್ಲವ್ವಾ" ಎಂದರಂತೆ ಸಣ್ಣಜ್ಜ. "ಹಿಂದಕ ತಿರುಗಿ ಕುಂತಿದ್ದೆ. ಕ್ಯಾಬಿನ್ನಿನ ಕಿಂಡಿಯಾಗಿಂದ ಬೆಳಕು ಬರ್ತಿತ್ತಲ್ಲ, ಅದನ್ನ ನೋಡ್ಕೊಂತ."